ಮುದ್ದೆಮಾಲು ಹೇಳುವ ಸತ್ಯ

ಆರೋಪಿಯನ್ನು ಹಿಡಿಯುವುದು ಪೊಲೀಸರ ಕೆಲಸ, ಶಿಕ್ಷೆ ವಿಧಿಸುವುದು ನ್ಯಾಯಾಲಯದ ಕೆಲಸ. ಇಬ್ಬರ ನಡುವೆ ಕುಳಿತು ರಕ್ತ, ಗುಂಡು, ಕಾಗದ, ಮೊಬೈಲುಗಳಂಥ ಮುದ್ದೆಮಾಲನ್ನು ಓದುವ ವಿಧಿವಿಜ್ಞಾನ ಪ್ರಯೋಗಾಲಯದ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ.

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು. ಎರಡು ವರ್ಷ ಕಳೆದು, 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಊರು ಬೇರೆ, ಠಾಣೆ ಬೇರೆ, ತನಿಖಾ ತಂಡ ಬೇರೆ. ಎರಡಕ್ಕೂ ನಂಟಿದೆ ಎಂದು ಜನ ಆಗಲೇ ಮಾತನಾಡಿಕೊಳ್ಳುತ್ತಿದ್ದರು. ಆದರೆ ಜನರ ಮಾತು ಸಾಕ್ಷ್ಯವಾಗುವುದಿಲ್ಲ.

ಆ ನಂಟಿಗೆ ಕಾಗದದ ಮೇಲೆ ಆಧಾರ ಒದಗಿಸಿದ್ದು ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ. ಎರಡೂ ಕಡೆ ಸಿಕ್ಕ ಗುಂಡುಗಳನ್ನೂ ಖಾಲಿ ಕಾಡತೂಸುಗಳನ್ನೂ ಹೋಲಿಕೆ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದ ತಜ್ಞರು, ಇವು ಒಂದೇ 7.65 ಮಿ.ಮೀ. ನಾಡ ಪಿಸ್ತೂಲಿನಿಂದ ಹಾರಿದವು ಎಂದು ವರದಿ ಕೊಟ್ಟರು. ಗೌರಿ ಹತ್ಯೆಯ ದೋಷಾರೋಪ ಪಟ್ಟಿಯ ಜೊತೆ ಈ ವರದಿಯೂ ನ್ಯಾಯಾಲಯ ಸೇರಿತು. ಹೋಲಿಕೆ ನಡೆಯುವ ಹೊತ್ತಿಗೆ ಆ ಪಿಸ್ತೂಲು ಪೊಲೀಸರ ಕೈಗೆ ಸಿಕ್ಕಿರಲಿಲ್ಲ. ಲೋಹದ ಮೇಲೆ ಅದು ಬಿಟ್ಟುಹೋದ ಗೀರುಗಳು ಮಾತ್ರ ಇದ್ದವು.

ಪತ್ರಿಕೆಗಳಲ್ಲಿ 'ಎಫ್‌ಎಸ್‌ಎಲ್ ವರದಿ ಬರಬೇಕಿದೆ', ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರಬೇಕಿದೆ, ಎಂಬ ಸಾಲನ್ನು ನಾವು ವಾರಕ್ಕೊಮ್ಮೆಯಾದರೂ ಓದುತ್ತೇವೆ. ಕೊಲೆ, ಅತ್ಯಾಚಾರ, ಮಾದಕ ವಸ್ತು, ನಕಲಿ ದಾಖಲೆ, ವಿಷಪ್ರಾಶನ, ಆನ್‌ಲೈನ್ ವಂಚನೆ ಯಾವುದೇ ಇರಲಿ, ಕಡತ ಒಂದು ಹಂತಕ್ಕೆ ಬಂದು ಆ ವರದಿಗಾಗಿ ನಿಲ್ಲುತ್ತದೆ. ಬೆಂಗಳೂರಿನ ಮಡಿವಾಳದಲ್ಲಿರುವ ಪ್ರಯೋಗಾಲಯದ ಹೆಸರು ಕನ್ನಡದ ಅಪರಾಧ ಸುದ್ದಿಗಳಲ್ಲಿ ಅಷ್ಟು ಸಲ ಬಂದಿದೆ. ಆದರೂ ಅಲ್ಲಿ ನಡೆಯುವುದೇನು, ಅಲ್ಲಿಂದ ಹೊರಬರುವ ಕಾಗದಕ್ಕೆ ಎಷ್ಟು ಬೆಲೆ ಕೊಡಬೇಕು, ಅದು ತಪ್ಪುವುದು ಯಾವಾಗ ಎಂಬ ಚರ್ಚೆ ನಮ್ಮಲ್ಲಿ ಅಪರೂಪ.

ಹೇಳುವುದೆಷ್ಟು, ಹೇಳದಿರುವುದೆಷ್ಟು

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಪ್ರಯೋಗಾಲಯ ಕೊಲೆಗಾರನನ್ನು ಗುರುತಿಸುವುದಿಲ್ಲ. ಅದು ವಸ್ತುವಿನ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಈ ಕಲೆ ರಕ್ತವೇ? ರಕ್ತವಾದರೆ ಮನುಷ್ಯನದೇ? ಮನುಷ್ಯನದಾದರೆ ಈ ವ್ಯಕ್ತಿಯದಿರಬಹುದೇ? ಈ ಪುಡಿ ಯಾವುದು? ಈ ಸಹಿ ಆ ಕೈಯದೇ? ಅಂಗಿಯ ಮೇಲಿನ ರಕ್ತ ಸತ್ತವನದು ಎಂದು ವರದಿ ಹೇಳಬಲ್ಲದು. ಆ ಅಂಗಿ ತೊಟ್ಟವನೇ ಇರಿದನೋ, ಗಾಯಾಳುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದನೋ ಎಂಬುದನ್ನು ಅದು ಹೇಳಲಾರದು. ಅದನ್ನು ಉಳಿದ ಸಾಕ್ಷ್ಯಗಳ ಜೊತೆಗಿಟ್ಟು ನ್ಯಾಯಾಧೀಶರು ತೀರ್ಮಾನಿಸಬೇಕು.

ಈ ಮಿತಿಯಲ್ಲೇ ಅದರ ಬಲವೂ ಇದೆ. ಕಣ್ಣಾರೆ ಕಂಡವರು ಹೆದರಬಹುದು, ಮರೆಯಬಹುದು, ವಿಚಾರಣೆಯ ಹೊತ್ತಿಗೆ ಪ್ರತಿಕೂಲ ಸಾಕ್ಷಿಗಳಾಗಬಹುದು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ನಮ್ಮ ಕಾನೂನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಠಾಣೆಯೊಳಗಿನ ಹೊಡೆತಕ್ಕೆ ಹೆದರಿ ಯಾರಾದರೂ ಏನನ್ನಾದರೂ ಒಪ್ಪಿಕೊಳ್ಳಬಹುದು ಎಂಬುದು ಕಾನೂನಿಗೂ ಗೊತ್ತು. ವಸ್ತುವಿನ ಸಾಕ್ಷ್ಯ ಬಲವಾದಷ್ಟೂ ಲಾಠಿಯ ಅಗತ್ಯ ಕಡಿಮೆಯಾಗಬೇಕು. ಹಾಗಾಗಿ ಒಳ್ಳೆಯ ಪ್ರಯೋಗಾಲಯವೆಂದರೆ ಅಪರಾಧಿಗೆ ಎಷ್ಟು ಭಯವೋ ನಿರಪರಾಧಿಗೆ ಅಷ್ಟೇ ರಕ್ಷಣೆ. 'ಇದು ಇವನದಲ್ಲ' ಎಂದು ಹೇಳುವ ವರದಿ, 'ಇವನದೇ' ಎಂದು ಹೇಳುವ ವರದಿಗಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯದಲ್ಲ.

ಪಾಷಾಣದಿಂದ ಡಿಎನ್‌ಎವರೆಗೆ

ಭಾರತದಲ್ಲಿ ಈ ವಿಜ್ಞಾನ ಹುಟ್ಟಿದ್ದು ವಿಷದ ಭಯದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಪಾಷಾಣ, ಅಂದರೆ ಆರ್ಸೆನಿಕ್, ಸುಲಭವಾಗಿ ಸಿಗುತ್ತಿತ್ತು. ಬಣ್ಣವಿಲ್ಲ, ರುಚಿಯಿಲ್ಲ, ಲಕ್ಷಣಗಳು ಕಾಲರಾದಂತೆಯೇ. ಮನುಷ್ಯರನ್ನು ಕೊಲ್ಲಲೂ, ಚರ್ಮಕ್ಕಾಗಿ ದನಗಳನ್ನು ಸಾಯಿಸಲೂ ಅದು ಬಳಕೆಯಾಗುತ್ತಿತ್ತು. 1836ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ದೇಹದ ಅಂಗಾಂಶದಲ್ಲಿ ಆರ್ಸೆನಿಕ್ ಪತ್ತೆಹಚ್ಚುವ ವಿಧಾನ ಪ್ರಕಟಿಸಿದ ಮೇಲೆ ವಿಷಕ್ಕೂ ಸಾಕ್ಷಿ ಸಿಕ್ಕಿತು. 1849ರಲ್ಲಿ ಮದರಾಸಿನಲ್ಲಿ ಸರ್ಕಾರಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ಆರಂಭವಾಯಿತು. ಕಲ್ಕತ್ತಾ, ಆಗ್ರಾ, ಬೊಂಬಾಯಿ ಒಂದೊಂದಾಗಿ ಅದನ್ನು ಅನುಸರಿಸಿದವು.

ಎರಡನೆಯ ಹೆಜ್ಜೆ ಜಗತ್ತಿಗೇ ಮೊದಲನೆಯದು. 1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್ ಒಂದು ಕರಾರು ಪತ್ರಕ್ಕೆ ಗುತ್ತಿಗೆದಾರನ ಅಂಗೈ ಗುರುತು ಒತ್ತಿಸಿಕೊಂಡದ್ದು ಬೆರಳಚ್ಚಿನ ಇತಿಹಾಸದ ಆರಂಭದ ಪುಟ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಾರ್ಯಾಲಯ ತೆರೆಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್‌ನಲ್ಲಿ ಅಂಥದೊಂದು ಶುರುವಾದದ್ದು 1901ರಲ್ಲಿ. ಸಾವಿರಾರು ಬೆರಳಚ್ಚುಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಹೇಗೆ ಎಂಬ ಸಮಸ್ಯೆಯನ್ನು ಬಿಡಿಸಿದ್ದು ವರ್ಗೀಕರಣ. ಹತ್ತು ಬೆರಳುಗಳ ವಿನ್ಯಾಸ ನೋಡಿ 1,024 ಗುಂಪುಗಳಾಗಿ ವಿಂಗಡಿಸುವ ಆ ಪದ್ಧತಿಗೆ ಅಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಬಂತು. ಅದರ ಗಣಿತವನ್ನೂ ವಿವರಗಳನ್ನೂ ರೂಪಿಸಿದವರು ಅವರ ಕೈಕೆಳಗಿನ ಭಾರತೀಯ ಪೊಲೀಸ್ ಅಧಿಕಾರಿಗಳಾದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಅವರಿಗೆ ಮನ್ನಣೆ ಸಿಕ್ಕಿದ್ದು ದಶಕಗಳ ನಂತರ, ಅದೂ ಅರೆಮನಸ್ಸಿನಿಂದ. ಜಗತ್ತಿನ ಪೊಲೀಸ್ ಠಾಣೆಗಳು ಒಂದು ಶತಮಾನ ಬಳಸಿದ ವಿದ್ಯೆಯಲ್ಲಿ ಈ ಇಬ್ಬರ ಪಾಲನ್ನು ನಮ್ಮ ಶಾಲಾ ಪಠ್ಯಗಳಾದರೂ ಹೇಳಬೇಕು.

ಸ್ವಾತಂತ್ರ್ಯದ ನಂತರ 1952ರಲ್ಲಿ ಕಲ್ಕತ್ತೆಯಲ್ಲಿ ಮೊದಲ ರಾಜ್ಯ ಪ್ರಯೋಗಾಲಯ, 1957ರಲ್ಲಿ ಅಲ್ಲೇ ಮೊದಲ ಕೇಂದ್ರ ವಿಧಿವಿಜ್ಞಾನ ಪ್ರಯೋಗಾಲಯ ಬಂತು. ಈಗ ಚಂಡೀಗಢ, ಹೈದರಾಬಾದ್, ಭೋಪಾಲ್, ಪುಣೆ, ಗುವಾಹಟಿಗಳಲ್ಲೂ ಕೇಂದ್ರದ ಪ್ರಯೋಗಾಲಯಗಳಿವೆ. ಇವು ಗೃಹ ಸಚಿವಾಲಯದ ವಿಧಿವಿಜ್ಞಾನ ಸೇವಾ ನಿರ್ದೇಶನಾಲಯದ ಅಡಿಯಲ್ಲಿ ಕೆಲಸ ಮಾಡುತ್ತವೆ. ದೆಹಲಿಯದು ಸಿಬಿಐ ಆಡಳಿತದಲ್ಲಿದೆ. ಪ್ರತಿ ರಾಜ್ಯಕ್ಕೂ ತನ್ನದೇ ಪ್ರಯೋಗಾಲಯ ಬೇರೆ. ಕರ್ನಾಟಕದಲ್ಲಿ ಮಡಿವಾಳದ ಕೇಂದ್ರದ ಜೊತೆ ಪ್ರಾದೇಶಿಕ ಪ್ರಯೋಗಾಲಯಗಳೂ ಇವೆ.

ಡಿಎನ್‌ಎ ವಿದ್ಯೆ ನಮ್ಮಲ್ಲಿಗೆ ಬಂದದ್ದು ಹೈದರಾಬಾದಿನ ಮೂಲಕ. 1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ, ಅಲ್ಲಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ಲಾಲ್‌ಜಿ ಸಿಂಗ್ ದೇಶೀಯ ವಿಧಾನವೊಂದನ್ನು ಸಿದ್ಧಪಡಿಸಿದರು. ಅದರ ಮೂಲ ಅವರು ಹಾವುಗಳ ವರ್ಣತಂತುಗಳ ಮೇಲೆ ಮಾಡಿದ್ದ ಸಂಶೋಧನೆಯಲ್ಲಿತ್ತು. ಹಾವಿನ ಲಿಂಗ ನಿರ್ಧಾರದ ಅಧ್ಯಯನದಿಂದ ಸಿಕ್ಕ ಡಿಎನ್‌ಎ ತುಣುಕು ಮನುಷ್ಯರನ್ನು ಒಬ್ಬರಿಂದೊಬ್ಬರು ಬೇರ್ಪಡಿಸಿ ತೋರಿಸಿತು. ಕೇರಳದ ತಲಶ್ಶೇರಿಯ ಪಿತೃತ್ವ ವ್ಯಾಜ್ಯವೊಂದರಲ್ಲಿ ಇದು ಭಾರತದ ನ್ಯಾಯಾಲಯವನ್ನು ಪ್ರವೇಶಿಸಿತು. ತಕ್ಷಣದ ಉಪಯೋಗ ಕಾಣದ ಮೂಲ ಸಂಶೋಧನೆಗೆ ಯಾಕೆ ಹಣ ಸುರಿಯಬೇಕು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಕಟ್ಟಡದ ಒಳಗೆ

ಪ್ರಯೋಗಾಲಯಕ್ಕೆ ಬರುವ ಪ್ರತಿಯೊಂದು ವಸ್ತುವಿಗೂ ಮೊದಲ ಪರೀಕ್ಷೆ ಅದರ ಸೀಲಿನದು. ಠಾಣೆಯಿಂದ ಬಂದ ಪೊಟ್ಟಣದ ಮೇಲಿನ ಅರಗಿನ ಸೀಲು ಜೊತೆಗೆ ಕಳಿಸಿದ ಮಾದರಿ ಸೀಲಿಗೆ ಹೊಂದುತ್ತದೆಯೇ, ಒಡೆದಿದೆಯೇ ಎಂದು ನೋಡಿ ಬರೆದುಕೊಂಡ ಮೇಲೆಯೇ ಅದು ಒಳಗೆ ಹೋಗುವುದು. ಅಲ್ಲಿಂದ ವಿಭಾಗಗಳ ದಾರಿ ಬೇರೆ ಬೇರೆ.

ಜೀವಶಾಸ್ತ್ರ ವಿಭಾಗದಲ್ಲಿ ರಕ್ತ, ವೀರ್ಯ, ಜೊಲ್ಲು, ಕೂದಲು. ಕಲೆಯನ್ನು ಒರೆಸಿ ಒಂದು ರಾಸಾಯನಿಕ ಹಾಕಿದಾಗ ಗುಲಾಬಿ ಬಣ್ಣ ಬಂದರೆ ರಕ್ತವಿರಬಹುದು ಎಂಬ ಸೂಚನೆ ಮಾತ್ರ. ಕೆಲವು ತರಕಾರಿಗಳ ರಸವೂ ಅದೇ ಬಣ್ಣ ಕೊಡಬಲ್ಲದು. ಹಾಗಾಗಿ ಸೂಚನೆಯ ಪರೀಕ್ಷೆ ಬೇರೆ, ಖಚಿತಪಡಿಸುವ ಪರೀಕ್ಷೆ ಬೇರೆ. ಆಮೇಲೆ ಡಿಎನ್‌ಎ. ನಮ್ಮ ಡಿಎನ್‌ಎಯ ಕೆಲವು ಜಾಗಗಳಲ್ಲಿ ಪುಟ್ಟ ಅಕ್ಷರಗುಚ್ಛಗಳು ಮತ್ತೆ ಮತ್ತೆ ಬರುತ್ತವೆ. ಎಷ್ಟು ಸಲ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಒಂದು ಪ್ರತಿ ತಾಯಿಯಿಂದ, ಒಂದು ತಂದೆಯಿಂದ. ಅಂಥ ಇಪ್ಪತ್ತಕ್ಕೂ ಹೆಚ್ಚು ಜಾಗಗಳನ್ನು ಎಣಿಸಿ ಹೋಲಿಸಿದಾಗ ಇಬ್ಬರು ಬೇರೆ ವ್ಯಕ್ತಿಗಳಲ್ಲಿ ಎಲ್ಲವೂ ಒಂದೇ ಆಗಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಇಳಿಯುತ್ತದೆ. ಅವಳಿ ಮಕ್ಕಳಲ್ಲಿ ಒಂದು ಬಗೆಯವರು ಮಾತ್ರ ಇದಕ್ಕೆ ಅಪವಾದ. ಆದರೆ ಮೂರು ನಾಲ್ಕು ಜನ ಮುಟ್ಟಿದ ಬಾಗಿಲ ಚಿಲಕದಿಂದ ಸಿಗುವುದು ಬೆರಕೆ ಡಿಎನ್‌ಎ. ಅದನ್ನು ಬಿಡಿಸಿ ಓದುವುದು ಕಷ್ಟದ ಕೆಲಸ. ಅಲ್ಲಿ ಖಚಿತ ಮಾತಿಗೆ ಅವಕಾಶ ಕಡಿಮೆ.

ಈ ವಿಭಾಗದ ಕೆಲಸ ಅಪರಾಧಕ್ಕಷ್ಟೇ ಸೀಮಿತವಲ್ಲ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ವಿಮಾನ ದುರಂತಕ್ಕೀಡಾಗಿ 158 ಜನ ಸತ್ತಾಗ, ಸುಟ್ಟುಹೋದ ದೇಹಗಳ ಗುರುತಿಗೆ ಡಿಎನ್‌ಎ ಪರೀಕ್ಷೆಯ ಮೊರೆಹೋಗಬೇಕಾಯಿತು. 2025ರ ಜೂನ್‌ನಲ್ಲಿ ಅಹಮದಾಬಾದಿನ ವಿಮಾನ ದುರಂತದಲ್ಲೂ ಹಾಗೆಯೇ. ಸತ್ತವರು ಯಾರೆಂದು ಖಚಿತವಾಗದೆ ಮಣ್ಣು ಮಾಡಲೂ ಆಗದೆ ಕಾಯುವ ಮನೆಯವರ ಪಾಲಿಗೆ ಪ್ರಯೋಗಾಲಯದ ಒಂದು ಹಾಳೆ ದುಃಖಕ್ಕೆ ಒಂದು ಕೊನೆ ಕಾಣಿಸುತ್ತದೆ.

ವಿಷವಿಜ್ಞಾನ ವಿಭಾಗಕ್ಕೆ ಬರುವುದು ವಿಸರಾ. ಶವಪರೀಕ್ಷೆಯಲ್ಲಿ ತೆಗೆದ ಜಠರ, ಕರುಳಿನ ಭಾಗ, ಪಿತ್ತಜನಕಾಂಗ, ಮೂತ್ರಪಿಂಡದ ತುಣುಕುಗಳು. ಇವನ್ನು ಸಾಮಾನ್ಯವಾಗಿ ಉಪ್ಪಿನ ಪರ್ಯಾಪ್ತ ದ್ರಾವಣದಲ್ಲಿ ಇಟ್ಟು ಕಳಿಸುತ್ತಾರೆ. ಆ ಉಪ್ಪುನೀರಿನ ಮಾದರಿಯನ್ನೂ ಬೇರೆ ಬಾಟಲಿಯಲ್ಲಿ ಕಳಿಸಬೇಕು, ವಿಷ ಅದರಲ್ಲೇ ಇರಲಿಲ್ಲ ಎಂದು ಖಾತ್ರಿಯಾಗಬೇಕಲ್ಲ. ಹಳ್ಳಿಗಳಿಂದ ಬರುವ ವಿಸರಾಗಳಲ್ಲಿ ಕೀಟನಾಶಕದ ಅಂಶ ಸಿಗುವುದು ಹೊಸತಲ್ಲ. ಇಲ್ಲಿ ಪ್ರಯೋಗಾಲಯದ ಕೆಲಸ ಕೊಲೆಗಡುಕರಿಗಿಂತ ಬಡ ಕುಟುಂಬಗಳಿಗೆ ಹತ್ತಿರ. ಸಾಲದ ಹೊರೆಯಿಂದ ವಿಷ ಕುಡಿದ ರೈತನ ಮನೆಯವರಿಗೆ ಸರ್ಕಾರ ಕೊಡುವ 5 ಲಕ್ಷ ರೂಪಾಯಿ ಪರಿಹಾರದ ಕಡತದಲ್ಲಿ ಎಫ್‌ಎಸ್‌ಎಲ್ ವರದಿಯೂ ಇರಬೇಕಾಗುತ್ತದೆ. ವರದಿ ತಡವಾದರೆ ಪರಿಹಾರವೂ ತಡ. ಅಷ್ಟರಲ್ಲಿ ಬಡ್ಡಿ ನಿಲ್ಲುವುದಿಲ್ಲ.

ವಿಷದ ವಿಚಾರದಲ್ಲಿ ಇನ್ನೊಂದು ಎಚ್ಚರವಿದೆ. 'ವಿಷ ಕಂಡುಬಂದಿಲ್ಲ' ಎಂದರೆ 'ವಿಷ ಇರಲಿಲ್ಲ' ಎಂದಲ್ಲ. ಕೆಲವು ವಿಷಗಳು ದೇಹದಲ್ಲೇ ಒಡೆದುಹೋಗುತ್ತವೆ, ಸೈನೈಡ್‌ನಂಥದು ದಿನ ಕಳೆದಂತೆ ಆವಿಯಾಗುತ್ತದೆ. ದಕ್ಷಿಣ ಕನ್ನಡದ ಸರಣಿ ಹಂತಕ 'ಸೈನೈಡ್ ಮೋಹನ್'ನ ಪ್ರಕರಣ ಮತ್ತೂ ಒಂದು ಪಾಠ ಕಲಿಸಿತು. ಬೇರೆ ಬೇರೆ ಊರುಗಳ ಬಸ್ ನಿಲ್ದಾಣಗಳ ಶೌಚಾಲಯದಲ್ಲಿ ಯುವತಿಯರ ಶವಗಳು ವರ್ಷಗಟ್ಟಲೆ ಸಿಗುತ್ತಿದ್ದವು. ಒಂದೊಂದು ಠಾಣೆಯಲ್ಲಿ ಒಂದೊಂದು ಅಸಹಜ ಸಾವು ಎಂದು ದಾಖಲಾಗಿ ಕಡತಗಳು ಮುಚ್ಚಿಕೊಂಡವು. ಅವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದು 2009ರಲ್ಲಿ, ಬಂಟ್ವಾಳದ ಯುವತಿಯೊಬ್ಬಳು ಕಾಣೆಯಾದ ಪ್ರಕರಣದ ಬೆನ್ನುಹತ್ತಿದ ಮೇಲೆ. ಬಿಡಿಬಿಡಿ ವರದಿಗಳು ಎಷ್ಟೇ ಸರಿಯಿರಲಿ, ಅವನ್ನು ಒಟ್ಟಿಗೆ ಓದುವ ವ್ಯವಸ್ಥೆ ಇಲ್ಲದಿದ್ದರೆ ಸರಣಿ ಹಂತಕ ನಮ್ಮ ನಡುವೆಯೇ ತಿರುಗಾಡುತ್ತಿರುತ್ತಾನೆ.

ಬಂದೂಕು ವಿಭಾಗದ ಕೆಲಸ ಮೊದಲೇ ನೋಡಿದೆವು. ನಳಿಗೆಯ ಒಳಮೈಯಲ್ಲಿ ತಯಾರಿಕೆಯ ಹೊತ್ತಿಗೇ ಮೂಡಿದ ಸೂಕ್ಷ್ಮ ಗೀರುಗಳು ಹಾರುವ ಗುಂಡಿನ ಮೇಲೆ ಅಚ್ಚಾಗುತ್ತವೆ. ಕಾಡತೂಸಿನ ಹಿಂಬದಿಯಲ್ಲಿ ಬಡಿಯುವ ಪಿನ್ನಿನ ಗುರುತು ಉಳಿಯುತ್ತದೆ. ಅನುಮಾನದ ಪಿಸ್ತೂಲು ಸಿಕ್ಕರೆ ನೀರಿನ ತೊಟ್ಟಿಗೋ ಹತ್ತಿ ತುಂಬಿದ ಪೆಟ್ಟಿಗೆಗೋ ಗುಂಡು ಹಾರಿಸಿ, ಜಜ್ಜದೆ ಉಳಿದ ಆ ಗುಂಡನ್ನು ಘಟನಾಸ್ಥಳದ ಗುಂಡಿನ ಜೊತೆ ಇಟ್ಟು ನೋಡುತ್ತಾರೆ.

ಸ್ಫೋಟದ ಪ್ರಕರಣಗಳಲ್ಲಿ ಚೂರುಗಳೇ ಕಥೆ ಹೇಳಬೇಕು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾದಾಗ ಬಾಂಬ್ ಹೂಬುಟ್ಟಿಯಲ್ಲಿತ್ತೇ, ವೇದಿಕೆಯ ಬಳಿ ಹೂತಿಟ್ಟಿದ್ದರೇ ಎಂಬ ಊಹೆಗಳು ಹರಡಿದ್ದವು. ಅದನ್ನು ಒಬ್ಬ ಹೆಂಗಸು ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದಳು ಎಂದು ಬಟ್ಟೆಯ ಚೂರು, ತಂತಿ, ದೇಹದ ಗಾಯಗಳ ಸ್ವರೂಪ ನೋಡಿ ಕಂಡುಕೊಂಡವರು ತಮಿಳುನಾಡು ವಿಧಿವಿಜ್ಞಾನ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಪಿ. ಚಂದ್ರಶೇಖರನ್.

ದಾಖಲೆ ವಿಭಾಗ ಸಹಿ, ತಿದ್ದಿದ ಅಂಕಿ, ಅಳಿಸಿದ ಶಾಯಿಗಳನ್ನು ಬೇರೆ ಬೇರೆ ಬೆಳಕಿನಲ್ಲಿ ಓದುತ್ತದೆ. ಜಮೀನಿನ ವ್ಯಾಜ್ಯಗಳ ನಾಡಿನಲ್ಲಿ ಅದಕ್ಕೆ ಬಿಡುವು ಎಲ್ಲಿಂದ ಬರಬೇಕು! ಈಗ ಎಲ್ಲಕ್ಕಿಂತ ವೇಗವಾಗಿ ತುಂಬುತ್ತಿರುವುದು ಸೈಬರ್ ವಿಭಾಗ. ವಶಪಡಿಸಿಕೊಂಡ ಮೊಬೈಲನ್ನು ತಜ್ಞರು ನೇರವಾಗಿ ಬೆರಳಾಡಿಸಿ ನೋಡುವುದಿಲ್ಲ. ಅದಕ್ಕೆ ಏನೂ ಬರೆಯಲಾಗದಂತೆ ತಡೆಹಾಕಿ, ಒಳಗಿನ ಮಾಹಿತಿಯ ನಕಲು ತೆಗೆದು, ನಕಲಿನ ಮೇಲೆ ಕೆಲಸ ಮಾಡುತ್ತಾರೆ. ಮೂಲ ಮತ್ತು ನಕಲು ಒಂದೇ ಎಂದು ತೋರಿಸಲು 'ಹ್ಯಾಶ್' ಎಂಬ ಉದ್ದನೆಯ ಸಂಖ್ಯೆಯಿದೆ. ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. 2024ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಸಂಖ್ಯೆಯೂ ಇರಬೇಕು, ತಜ್ಞರ ಸಹಿಯೂ ಇರಬೇಕು.

ಸೀಲು ಕೆಟ್ಟರೆ ವಿಜ್ಞಾನವೂ ಕೆಟ್ಟಿತು

ಪ್ರಯೋಗಾಲಯದ ಕೆಲಸ ಶುರುವಾಗುವುದು ಅದರ ಬಾಗಿಲಲ್ಲಿ ಅಲ್ಲ, ಘಟನೆ ನಡೆದ ಜಾಗದಲ್ಲಿ. ಒದ್ದೆ ರಕ್ತದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಬೇಕು. ಒಬ್ಬರೇ ಒಂದೇ ಕೈಗವಸಿನಲ್ಲಿ ಆರೋಪಿಯ ಬಟ್ಟೆಯನ್ನೂ ಸಂತ್ರಸ್ತೆಯ ಬಟ್ಟೆಯನ್ನೂ ಮುಟ್ಟಿದರೆ ಅಲ್ಲಿಗೆ ಮುಗಿಯಿತು. ಮಹಜರು ಬರೆದ ಕೈ, ಸೀಲು ಹಾಕಿದ ಕೈ, ಠಾಣೆಯ ಮಾಲಖಾನೆಯಲ್ಲಿ ಇಟ್ಟ ಕೈ, ಪೊಟ್ಟಣ ಹೊತ್ತು ಬಸ್ಸು ಹತ್ತಿದ ಕಾನ್‌ಸ್ಟೆಬಲ್‌ನ ಕೈ, ಪ್ರಯೋಗಾಲಯದಲ್ಲಿ ತೆಗೆದುಕೊಂಡ ಕೈ ಎಲ್ಲಕ್ಕೂ ದಿನಾಂಕ, ಸಮಯ, ಸಹಿಯ ಲೆಕ್ಕ ಬೇಕು.

ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ಛಾವ್ಲಾ ಪ್ರಕರಣ ಸಾಕು. 2012ರ ಫೆಬ್ರುವರಿಯಲ್ಲಿ 19 ವರ್ಷದ ಯುವತಿಯನ್ನು ಅಪಹರಿಸಿ, ಅತ್ಯಾಚಾರ ಮಾಡಿ ಕೊಂದರು. ಮೂವರಿಗೆ ವಿಚಾರಣಾ ನ್ಯಾಯಾಲಯ ಮರಣದಂಡನೆ ವಿಧಿಸಿತು, ಹೈಕೋರ್ಟ್ ಎತ್ತಿಹಿಡಿಯಿತು. ಡಿಎನ್‌ಎ ವರದಿ ಆರೋಪಿಗಳ ವಿರುದ್ಧವಿತ್ತು. ಆದರೆ 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಮೂವರನ್ನೂ ಬಿಡುಗಡೆ ಮಾಡಿತು. ಫೆಬ್ರುವರಿ 14 ಮತ್ತು 16ರಂದು ಸಂಗ್ರಹಿಸಿದ ಮಾದರಿಗಳು ಪ್ರಯೋಗಾಲಯಕ್ಕೆ ಹೋದದ್ದು 27ರಂದು. ಅಲ್ಲಿಯವರೆಗೆ ಅವು ಠಾಣೆಯ ಮಾಲಖಾನೆಯಲ್ಲಿದ್ದವು, ಕೈಯಾಡಿಸಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ನ್ಯಾಯಾಲಯ ಹೇಳಿತು. ಡಿಎನ್‌ಎ ಪರೀಕ್ಷೆಯ ತಂತ್ರ ಸರಿಯಾಗಿ ಬಳಕೆಯಾಯಿತೇ ಎಂಬುದನ್ನು ಕೆಳಗಿನ ನ್ಯಾಯಾಲಯಗಳು ಪರಿಶೀಲಿಸಿರಲಿಲ್ಲ ಎಂದೂ ಹೇಳಿತು. ಹತ್ತು ವರ್ಷದ ಕೊನೆಯಲ್ಲಿ ಮಗಳನ್ನು ಕಳೆದುಕೊಂಡ ತಂದೆತಾಯಿಗೆ ನ್ಯಾಯ ಸಿಗಲಿಲ್ಲ. ಕೊಂದವರು ಯಾರು ಎಂಬುದಕ್ಕೂ ಉತ್ತರ ಉಳಿಯಲಿಲ್ಲ. ಮಾಲಖಾನೆಯಲ್ಲಿ ಬಿದ್ದಿದ್ದ ಆ ದಿನಗಳಿಗೆ ತೆತ್ತ ಬೆಲೆ ಅದು.

2025ರ ಜುಲೈನಲ್ಲಿ ತಮಿಳುನಾಡಿನ ಮತ್ತೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ನಿಯಮ ಹಾಕಿತು. ಡಿಎನ್‌ಎ ಮಾದರಿ ಸಂಗ್ರಹಿಸಿದ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಕೈಯಿಂದ ಕೈಗೆ ದಾಟಿದ ಲೆಕ್ಕದ ಪುಸ್ತಕವನ್ನು ನ್ಯಾಯಾಲಯದ ಮುಂದಿಡಬೇಕು. ಇಷ್ಟು ಸರಳವಾದ ಮಾತನ್ನು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಬೇಕಾಗಿ ಬಂದದ್ದು ನಮ್ಮ ಠಾಣೆಗಳ ಸ್ಥಿತಿಗೆ ಸಾಕ್ಷಿ.

ವಿಜ್ಞಾನದ ಹೆಸರಿನಲ್ಲಿ

ಬಿಳಿ ಕೋಟು ತೊಟ್ಟವರು ಹೇಳಿದ್ದೆಲ್ಲ ವಿಜ್ಞಾನವಾಗುವುದಿಲ್ಲ. ಈ ಪಾಠವನ್ನು ಕರ್ನಾಟಕ ಹತ್ತಿರದಿಂದ ಕಂಡಿದೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಮಂಪರು ಪರೀಕ್ಷೆಗೆ ಬೆಂಗಳೂರು ದೇಶದಲ್ಲೇ ಹೆಸರಾಗಿತ್ತು. ಬೇರೆ ರಾಜ್ಯಗಳ ಆರೋಪಿಗಳನ್ನೂ ಇಲ್ಲಿಗೆ ಕರೆತಂದು, ಸೋಡಿಯಂ ಪೆಂಟೋಥಾಲ್ ಚುಚ್ಚಿ, ಅರೆಪ್ರಜ್ಞೆಯಲ್ಲಿ ಪ್ರಶ್ನೆ ಕೇಳುತ್ತಿದ್ದರು. ಆ ದೃಶ್ಯಗಳು ಟೀವಿ ಚಾನೆಲ್‌ಗಳಲ್ಲೂ ಬಂದವು. ಮಂಪರಿನಲ್ಲಿ ಮನುಷ್ಯ ನಿಜವನ್ನೇ ಹೇಳುತ್ತಾನೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಕೇಳುವವರು ಬಯಸಿದ್ದನ್ನೂ, ತನ್ನ ಕಲ್ಪನೆಯನ್ನೂ ಆತ ಬೆರೆಸಿ ಹೇಳಬಲ್ಲ. 2010ರ ಮೇ 5ರಂದು 'ಸೆಲ್ವಿ ಮತ್ತಿತರರು ವಿರುದ್ಧ ಕರ್ನಾಟಕ ರಾಜ್ಯ' ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ, ಮೆದುಳಿನ ನಕ್ಷೆ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸಕೂಡದು ಎಂದು ತೀರ್ಪು ಕೊಟ್ಟಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕು ಸಂವಿಧಾನ ಕೊಟ್ಟದ್ದು, ಸಿರಿಂಜಿನಿಂದ ಅದನ್ನು ಕಸಿಯಲಾಗದು. ಆದರೂ ಪ್ರತಿ ದೊಡ್ಡ ಪ್ರಕರಣದಲ್ಲಿ 'ಮಂಪರು ಪರೀಕ್ಷೆ ಮಾಡಿಸಿ' ಎಂಬ ಕೂಗು ಇಂದಿಗೂ ಏಳುತ್ತದೆ.

ಗಟ್ಟಿ ವಿದ್ಯೆಗಳಲ್ಲೂ ಮನುಷ್ಯರ ಕಣ್ಣು ತಪ್ಪುತ್ತದೆ. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸ್ಫೋಟಿಸಿದಾಗ, ಚೀಲವೊಂದರ ಮೇಲೆ ಸಿಕ್ಕ ಬೆರಳಚ್ಚು ತಮ್ಮ ದೇಶದ ಒರೆಗಾನ್ ರಾಜ್ಯದ ವಕೀಲರೊಬ್ಬರದು ಎಂದು ಅಮೆರಿಕದ ಎಫ್‌ಬಿಐ ತಜ್ಞರು ಘೋಷಿಸಿ ಅವರನ್ನು ಬಂಧಿಸಿದರು. ಸ್ಪೇನಿನ ಪೊಲೀಸರು ಅದನ್ನು ಒಪ್ಪಲಿಲ್ಲ. ಆ ಬೆರಳು ಆಲ್ಜೀರಿಯಾದ ವ್ಯಕ್ತಿಯದು ಎಂದು ಅವರು ತೋರಿಸಿದ ಮೇಲೆ ಎಫ್‌ಬಿಐ ಕ್ಷಮೆ ಕೇಳಿತು. ಒಬ್ಬ ತಜ್ಞ ಹೊಂದುತ್ತದೆ ಎಂದ ಮೇಲೆ ಮುಂದಿನವರಿಗೂ ಹೊಂದುವುದೇ ಕಂಡಿತ್ತು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ ತನ್ನ ವರದಿಯಲ್ಲಿ, ಡಿಎನ್‌ಎಯನ್ನು ಬಿಟ್ಟರೆ ಉಳಿದ ವಿದ್ಯೆಗಳ ಖಚಿತತೆಯನ್ನು ಇನ್ನೂ ಕಟ್ಟುನಿಟ್ಟಾಗಿ ಒರೆಗೆ ಹಚ್ಚಬೇಕಿದೆ ಎಂದು ಹೇಳಿತು. ಪ್ರಯೋಗಾಲಯಗಳನ್ನು ಪೊಲೀಸ್ ಆಡಳಿತದಿಂದ ಬೇರೆ ಮಾಡಬೇಕು ಎಂದೂ ಶಿಫಾರಸು ಮಾಡಿತು.

ಆ ಮಾತು ನಮಗೆ ಇನ್ನಷ್ಟು ಅನ್ವಯಿಸುತ್ತದೆ. ನಮ್ಮ ಬಹುಪಾಲು ಪ್ರಯೋಗಾಲಯಗಳು ಗೃಹ ಇಲಾಖೆಯ ನೆರಳಿನಲ್ಲೇ ಇವೆ. ತನಿಖೆ ಮಾಡುವವರಿಗೂ ಪರೀಕ್ಷೆ ಮಾಡುವವರಿಗೂ ಒಂದೇ ಮನೆಯ ಯಜಮಾನ. ಅಲ್ಲಿನ ವಿಜ್ಞಾನಿಗಳು ಪ್ರಾಮಾಣಿಕರಲ್ಲ ಎಂದು ಹೇಳುತ್ತಿಲ್ಲ. ಅವರ ಪ್ರಾಮಾಣಿಕತೆಯನ್ನು ಯಾರೂ ಬೆರಳು ಮಾಡಿ ತೋರಿಸದಂತೆ ಕಾಪಾಡುವ ಹೊಣೆ ವ್ಯವಸ್ಥೆಯದು. ಬಜೆಟ್, ನೇಮಕ, ಬಡ್ತಿ ಮೂರೂ ತನಿಖಾ ಸಂಸ್ಥೆಯ ಕೈಯಿಂದ ಹೊರಗಿದ್ದರೆ ವರದಿಯ ತೂಕ ನ್ಯಾಯಾಲಯದಲ್ಲಿ ತಾನಾಗಿ ಹೆಚ್ಚುತ್ತದೆ.

ಹೊಸ ಕಾನೂನು, ಹಳೆಯ ಕೊರತೆ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಒಂದು ದೊಡ್ಡ ಬದಲಾವಣೆ ತಂದಿದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಾಗಬಹುದಾದ ಪ್ರತಿ ಅಪರಾಧದಲ್ಲೂ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು, ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೊ ಮಾಡಿಸಬೇಕು. ಇದಕ್ಕೆ ಸಿದ್ಧವಾಗಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಕರ್ನಾಟಕ ಇದಕ್ಕೂ ಮೊದಲೇ ಘಟನಾಸ್ಥಳಕ್ಕೆಂದೇ 'ಸೋಕೊ' ಎಂಬ ಪ್ರತ್ಯೇಕ ಅಧಿಕಾರಿಗಳನ್ನು ನೇಮಿಸಿಕೊಂಡಿತು. ಇದು ಒಳ್ಳೆಯ ಹೆಜ್ಜೆ.

ಆದರೆ ಸ್ಥಳದಲ್ಲಿ ಹೆಚ್ಚು ಸಂಗ್ರಹಿಸಿದಷ್ಟೂ ಪ್ರಯೋಗಾಲಯದ ಮೇಜಿನ ಮೇಲೆ ಹೆಚ್ಚು ಪೊಟ್ಟಣಗಳು ಬೀಳುತ್ತವೆ. ಅವನ್ನು ಬಿಚ್ಚಿ ನೋಡುವ ವಿಜ್ಞಾನಿಗಳು ಅಷ್ಟೇ ವೇಗದಲ್ಲಿ ಹೆಚ್ಚಬೇಕಲ್ಲವೇ? 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಪ್ರಯೋಗಾಲಯಗಳಿಗೂ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ವಿಸ್ತರಣೆಗೂ 2,254.43 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗಾಂಧಿನಗರದ ಆ ವಿಶ್ವವಿದ್ಯಾಲಯದ ಒಂದು ಆವರಣ ನಮ್ಮ ಧಾರವಾಡಕ್ಕೂ ಬಂದಿದೆ. 2023ರ ಜನವರಿಯಲ್ಲಿ ಅದಕ್ಕೆ ಶಂಕುಸ್ಥಾಪನೆಯಾಯಿತು. ಅಲ್ಲಿ ಕಲಿತ ಕನ್ನಡದ ಹುಡುಗ ಹುಡುಗಿಯರಿಗೆ ಹೊರಗುತ್ತಿಗೆಯ ಅರೆಸಂಬಳದ ಕೆಲಸ ಸಿಗುತ್ತದೋ, ಕಾಯಂ ಹುದ್ದೆ ಸಿಗುತ್ತದೋ ಎಂಬುದರ ಮೇಲೆ ಈ ಕಾನೂನಿನ ಭವಿಷ್ಯ ನಿಂತಿದೆ. ಯಂತ್ರ ಕೊಳ್ಳುವುದು ಸುಲಭ. ಸೂಕ್ಷ್ಮದರ್ಶಕದಲ್ಲಿ ಕಂಡ ಗೀರನ್ನು ನಂಬಬೇಕೋ ಬಿಡಬೇಕೋ ಎಂದು ಹೇಳುವ ಕಣ್ಣು ತಯಾರಾಗಲು ವರ್ಷಗಳು ಬೇಕು.

ವಿಳಂಬಕ್ಕೆ ಎರಡೂ ಕಡೆ ಬಲಿಗಳಿವೆ. ಪೊಕ್ಸೊ ಕಾಯ್ದೆ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು ಎನ್ನುತ್ತದೆ, ಮಗು ಡಿಎನ್‌ಎ ವರದಿಗೆ ಕಾಯುತ್ತಿರುತ್ತದೆ. ಪೊಟ್ಟಣದಲ್ಲಿ ಸಿಕ್ಕ ಪುಡಿ ಮಾದಕ ವಸ್ತುವೇ ಅಲ್ಲ ಎಂದು ವರದಿ ಬರುವ ಹೊತ್ತಿಗೆ ಆರೋಪಿ ತಿಂಗಳುಗಟ್ಟಲೆ ಜೈಲಿನಲ್ಲಿ ಕಳೆದಿರುತ್ತಾನೆ. ಕಳೆದುಹೋದ ಆ ತಿಂಗಳುಗಳನ್ನು ಯಾವ ತೀರ್ಪೂ ಮರಳಿಸುವುದಿಲ್ಲ.

ನಮ್ಮ ಪಾಲಿನದು

ಓದುಗರೂ ಮಾಡಬಹುದಾದದ್ದು ಇದೆ. ಅಕ್ಕಪಕ್ಕದಲ್ಲಿ ಕಳವೋ ಕೊಲೆಯೋ ಆದರೆ ನೋಡಲು ಒಳಗೆ ನುಗ್ಗಬೇಡಿ, ಏನನ್ನೂ ಮುಟ್ಟಬೇಡಿ, ನೆಲ ತೊಳೆಯಬೇಡಿ. ಲೈಂಗಿಕ ದೌರ್ಜನ್ಯವಾದಾಗ ಆದಷ್ಟು ಬೇಗ ಆಸ್ಪತ್ರೆಗೆ ಹೋಗಬೇಕು. ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ ಕಾಗದದಲ್ಲಿ ಸುತ್ತಿ ಕೊಡಬೇಕು. ಯಾವ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ಯಾರಾದರೂ ವಿಷ ಕುಡಿದರೆ ಆ ಬಾಟಲಿಯನ್ನು ಎಸೆಯದೆ ವೈದ್ಯರ ಬಳಿಗೆ ಒಯ್ಯಿರಿ, ಮೊದಲು ಜೀವ ಉಳಿಸಲು ಅದು ಬೇಕು. ಆನ್‌ಲೈನಿನಲ್ಲಿ ಹಣ ಕಳೆದುಕೊಂಡರೆ ಕೂಡಲೇ 1930ಕ್ಕೆ ಕರೆ ಮಾಡಿ. ಸಂದೇಶಗಳನ್ನು ಅಳಿಸಬೇಡಿ, ಫೋನನ್ನು ಹೊಸದರಂತೆ ಮಾಡಲು ಅಂಗಡಿಗೆ ಕೊಡಬೇಡಿ.

ಇದಕ್ಕಿಂತ ದೊಡ್ಡ ಕೆಲಸವೂ ನಮ್ಮದೇ. ಭೀಕರ ಅಪರಾಧವೊಂದು ನಡೆದಾಗ ನಾವು ಬೀದಿಗಿಳಿದು ಗಲ್ಲು ಕೇಳುತ್ತೇವೆ, ಎನ್‌ಕೌಂಟರ್ ಕೇಳುತ್ತೇವೆ. ನಮ್ಮ ಭಾಗದ ಪ್ರಯೋಗಾಲಯದಲ್ಲಿ ಎಷ್ಟು ಹುದ್ದೆ ಖಾಲಿಯಿದೆ, ಎಷ್ಟು ಡಿಎನ್‌ಎ ಪೊಟ್ಟಣಗಳು ಬಿಚ್ಚದೆ ಬಿದ್ದಿವೆ ಎಂದು ಶಾಸಕರನ್ನು ಕೇಳಿದವರು ಎಷ್ಟು ಜನ? ಇನ್ನು ಮುಂದೆ ಆ ಪ್ರಶ್ನೆಯನ್ನೂ ಕೇಳೋಣ. ಪ್ರಯೋಗಾಲಯಗಳಿಗೆ ಪೊಲೀಸರಿಂದ ಸ್ವತಂತ್ರವಾದ ಆಡಳಿತ, ಕಾಯಂ ವಿಜ್ಞಾನಿಗಳು, ವರದಿಗೊಂದು ಗಡುವು ಈ ಮೂರನ್ನು ಒತ್ತಾಯಿಸೋಣ. ಸಾಕ್ಷ್ಯ ಗಟ್ಟಿಯಾಗಿರುವ ಕಡೆ ಮಾತ್ರ ಶಿಕ್ಷೆಗೂ ಬಿಡುಗಡೆಗೂ ನ್ಯಾಯವೆಂಬ ಹೆಸರು ಒಪ್ಪುತ್ತದೆ.